ಅಕ್ಷರಗಳ ಸ್ಥಾನ ಹುಡುಕಿದ ಇಮಾಮ್ ಖಲೀಲ್ (ರ)

ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರದ ಕಡೆ ಅಸರ್ ನಮಾಝಿನ ನಂತರ ಮಸೀದಿಯಲ್ಲಿ ಸ್ವಲ್ಪ ಹೊತ್ತು ಕುಳಿತವರಿಗೆ ಈ ದೃಶ್ಯ ಪರಿಚಿತ. ಆರೇಳು ವರ್ಷದ ಮಕ್ಕಳು ರೆಹಲ್ ಮೇಲೆ ಕಾಯಿದಾ ಇಟ್ಟುಕೊಂಡು ಸಾಲಾಗಿ ಕುಳಿತಿರುತ್ತಾರೆ. ಒಬ್ಬನ ಮನೆಮಾತು ದಖ್ನಿ ಉರ್ದು, ಪಕ್ಕದವನದು ತಮಿಳು, ಅದರಾಚೆಯವಳದು ಮಲಯಾಳಂ. ಶಾಲೆಯಲ್ಲಿ ಎಲ್ಲರೂ ಕನ್ನಡ ಕಲಿಯುವವರು. ಮಗು ಅಲ್‌ಹಮ್ದು ಎನ್ನುತ್ತದೆ. ಉಸ್ತಾದರು ತಲೆ ಅಲ್ಲಾಡಿಸುತ್ತಾರೆ. ಮಗು ಹೇಳಿದ್ದು ಚಿಕ್ಕ ಹಾ, ಬೇಕಾದದ್ದು ದೊಡ್ಡ ಹಾ. ಮತ್ತೆ ಹೇಳಿಸಿದರೂ ಅದೇ ಬರುತ್ತದೆ. ಏಕೆಂದರೆ ಮಗುವಿನ ಕಿವಿಗೆ ಎರಡೂ ಒಂದೇ, ಕನ್ನಡದ ಹ.

ಅನುಭವಸ್ಥ ಉಸ್ತಾದರಾದರೆ ಇಲ್ಲಿ ಗದರಿಸುವುದಿಲ್ಲ. ಅಕ್ಷರದ ಮೇಲೆ ಜಝಮ್ ಇಟ್ಟು, ಅದರ ಹಿಂದೆ ಝಬರ್ ಇರುವ ಒಂದು ಅಲಿಫ್ ಸೇರಿಸಿ ಹೇಳಲು ಕಲಿಸುತ್ತಾರೆ. ಅಬ್ ಎಂದರೆ ತುಟಿ ಮುಚ್ಚುತ್ತದೆ, ಅತ್ ಎಂದರೆ ನಾಲಗೆಯ ತುದಿ ಮೇಲಿನ ಹಲ್ಲಿನ ಬುಡಕ್ಕೆ ತಾಗುತ್ತದೆ. ಸದ್ದು ಎಲ್ಲಿ ಬಂದು ನಿಲ್ಲುತ್ತದೋ ಅದೇ ಆ ಅಕ್ಷರದ ಮಖ್‌ರಜ್, ಅಂದರೆ ಹೊರಡುವ ಸ್ಥಾನ. ಹಾಗೆಯೇ ದೊಡ್ಡ ಹಾ ಹೇಳಿಸಿದಾಗ ಮಗು ಗಂಟಲ ನಡುವೆ ಒಂದು ಜಾಗವಿದೆಯೆಂದು ಮೊದಲ ಬಾರಿಗೆ ಕಂಡುಕೊಳ್ಳುತ್ತದೆ.

ಈ ಉಪಾಯ ಇಂದು ನಿನ್ನೆಯದಲ್ಲ. ಸುಮಾರು 1250 ವರ್ಷಗಳ ಹಿಂದೆ ಇರಾಕಿನ ಬಸ್ರಾ ನಗರದಲ್ಲಿ ಒಬ್ಬ ಬಡ ವಿದ್ವಾಂಸರು ಇದನ್ನು ತಮ್ಮದೇ ಬಾಯಿಯಲ್ಲಿ ಪರೀಕ್ಷಿಸಿ ನೋಡಿದರು. ಅವರೇ ಅಬೂ ಅಬ್ದುರ್ರಹ್ಮಾನ್ ಖಲೀಲ್ ಬಿನ್ ಅಹ್ಮದ್ ಅಲ್ ಫರಾಹೀದಿ (ರ). ನಮ್ಮ ಮಕ್ಕಳು ದಿನವೂ ಬೆರಳಿಟ್ಟು ಓದುವ ಝಬರ್, ಝೇರ್, ಪೇಶ್ ಚಿಹ್ನೆಗಳ ಈಗಿನ ರೂಪವೂ ಅವರಿಂದಲೇ ಬಂದದ್ದೆಂದು ಪರಂಪರೆ ಹೇಳುತ್ತದೆ. ಆದರೂ ಅವರ ಹೆಸರು ನಮ್ಮಲ್ಲಿ ಅರಬಿ ಕಾಲೇಜಿನ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ.

ಖಲೀಲ್ ಹಿಜರಿ 100ರ ಸುಮಾರಿಗೆ, ಅಂದರೆ ಕ್ರಿ.ಶ. 718ರ ಹೊತ್ತಿಗೆ, ಒಮಾನ್‌ನಲ್ಲಿ ಅಝ್ದ್ ಗೋತ್ರದಲ್ಲಿ ಜನಿಸಿದರು. ಬೆಳೆದದ್ದು ಬಸ್ರಾದಲ್ಲಿ. ಖಲೀಫ ಹಝ್ರತ್ ಉಮರ್ (ರ) ಅವರ ಕಾಲದಲ್ಲಿ ಸೈನಿಕ ಶಿಬಿರವಾಗಿ ಹುಟ್ಟಿದ ಆ ಊರು ಅಷ್ಟರಲ್ಲಿ ದೊಡ್ಡ ನಗರವಾಗಿತ್ತು. ಹತ್ತಿರದ ಉಬುಲ್ಲ ಬಂದರಿನಿಂದ ಭಾರತದ ಕಡೆಗೆ ಹಡಗುಗಳು ಹೋಗಿಬರುತ್ತಿದ್ದವು. ಊರಂಚಿನ ಮಿರ್ಬದ್ ಸಂತೆಗೆ ಮರುಭೂಮಿಯ ಬದೂವಿಗಳು ಒಂಟೆ ಮಾರಲು ಬಂದು ಕಾವ್ಯವನ್ನೂ ಹಾಡುತ್ತಿದ್ದರು. ಬೀದಿಯಲ್ಲಿ ಅರಬರಷ್ಟೇ ಅಲ್ಲದೆ ಪರ್ಶಿಯನ್ನರೂ ಸಿಂಧಿನವರೂ ಇದ್ದರು. ಒಂದು ರೀತಿಯಲ್ಲಿ ನಮ್ಮ ಕಂಟೋನ್ಮೆಂಟಿನ ಹಾಗೆ, ಹತ್ತು ಭಾಷೆಯ ಊರು.

ಹೊಸದಾಗಿ ಇಸ್ಲಾಮಿಗೆ ಬಂದ ಅರಬೇತರರು ಕುರ್‌ಆನ್ ಓದಲು ಕುಳಿತಾಗ ಎದುರಾದ ಕಷ್ಟ ನಮ್ಮ ಮಕ್ಕಳ ಕಷ್ಟಕ್ಕಿಂತ ದೊಡ್ಡದು. ಮೊದಲ ಕಾಲದ ಮುಸ್‌ಹಫ್‌ಗಳಲ್ಲಿ ಸ್ವರಚಿಹ್ನೆಗಳಿರಲಿಲ್ಲ. ಬಾ, ತಾ, ಸಾ ಅಕ್ಷರಗಳನ್ನು ಬೇರ್ಪಡಿಸುವ ಚುಕ್ಕೆಗಳೂ ಬಹಳ ಅಪರೂಪ. ಸಹಾಬಿಗಳ ಎದೆಯಲ್ಲಿ ಕುರ್‌ಆನ್ ಇತ್ತು. ಬರಹ ಅವರಿಗೆ ನೆನಪಿನ ಆಸರೆ ಮಾತ್ರ. ಆದರೆ ಕೇಳಿ ಬೆಳೆಯದವನ ಪಾಡೇನು? ಸೂರ ಅತ್ತೌಬದ 3ನೇ ಆಯತ್‌ನಲ್ಲಿ ಒಬ್ಬರು ಒಂದೇ ಒಂದು ಸ್ವರವನ್ನು ತಪ್ಪಾಗಿ ಓದಿದ್ದನ್ನು ಬಸ್ರಾದ ಅಬುಲ್ ಅಸ್ವದ್ ದುಅಲಿ ಕೇಳಿದರೆಂದು ಇತಿಹಾಸಕಾರರು ಬರೆಯುತ್ತಾರೆ. ಅಲ್ಲಾಹನೂ ಅವನ ಪ್ರವಾದಿಯೂ (ಸ) ಬಹುದೇವಾರಾಧಕರ ಹೊಣೆಯಿಂದ ಮುಕ್ತರು ಎಂಬ ಅರ್ಥ, ಆ ಒಂದು ಝೇರ್‌ನಿಂದಾಗಿ, ಅಲ್ಲಾಹನು ಪ್ರವಾದಿಯಿಂದಲೇ (ಸ) ದೂರ ಎಂಬಂತೆ ತಲೆಕೆಳಗಾಗಿತ್ತು. ಅಬುಲ್ ಅಸ್ವದ್ ಬೆಚ್ಚಿಬಿದ್ದರು. ಒಬ್ಬ ಬರಹಗಾರನನ್ನು ಎದುರಿಗೆ ಕೂರಿಸಿಕೊಂಡು, ತಾವು ಓದುವಾಗ ತುಟಿ ತೆರೆದರೆ ಅಕ್ಷರದ ಮೇಲೆ, ತುಟಿ ಕೆಳಗೆ ಸರಿದರೆ ಅಕ್ಷರದ ಕೆಳಗೆ, ತುಟಿ ದುಂಡಗಾದರೆ ಅಕ್ಷರದ ಮುಂದೆ ಬೇರೆ ಬಣ್ಣದ ಚುಕ್ಕೆ ಇಡಲು ಹೇಳಿದರು.

ನಾವು ಬಳಸುವ ಪಾರ್ಸಿ ಹೆಸರುಗಳನ್ನು ಇಲ್ಲಿ ಸ್ವಲ್ಪ ಗಮನಿಸಿ. ಝಬರ್ ಎಂದರೆ ಮೇಲೆ, ಝೇರ್ ಎಂದರೆ ಕೆಳಗೆ, ಪೇಶ್ ಎಂದರೆ ಮುಂದೆ. ಪೇಶ್ ಈಗ ಅಕ್ಷರದ ಮೇಲೆಯೇ ಕುಳಿತಿರುವಾಗ ಅದಕ್ಕೆ ಮುಂದೆ ಎಂಬ ಹೆಸರೇಕೆ ಎಂದು ಒಬ್ಬ ಹುಡುಗ ಕೇಳಿದರೆ ಉತ್ತರ ಅಬುಲ್ ಅಸ್ವದರ ಆ ಚುಕ್ಕೆಯ ಜಾಗದಲ್ಲಿದೆ.

ಅಬುಲ್ ಅಸ್ವದ್ 688ರ ಸುಮಾರಿಗೆ ತೀರಿಕೊಂಡರು. ಅವರ ನಂತರ, ಹಜ್ಜಾಜ್ ಇರಾಕಿನ ಆಡಳಿತಗಾರನಾಗಿದ್ದ ಕಾಲದಲ್ಲಿ (694-714), ಅಕ್ಷರಗಳನ್ನೇ ಬೇರ್ಪಡಿಸುವ ಚುಕ್ಕೆಗಳು ಬಳಕೆಗೆ ಬಂದವು. ಈಗ ಪುಟದ ಮೇಲೆ ಎರಡು ಬಗೆಯ ಚುಕ್ಕೆ. ಅಕ್ಷರದ ಚುಕ್ಕೆಗೆ ಒಂದು ಮಸಿ, ಸ್ವರದ ಚುಕ್ಕೆಗೆ ಇನ್ನೊಂದು. ಎರಡು ಮಸಿಕುಡಿಕೆ ಇಲ್ಲದವನು ಬರೆಯುವಂತಿಲ್ಲ, ಬಣ್ಣ ಮಾಸಿದರೆ ಓದುವಂತಿಲ್ಲ.

ಖಲೀಲ್ ಈ ತೊಡಕನ್ನು ಬಿಡಿಸಿದ ರೀತಿ ಬಹಳ ಸರಳ. ಸ್ವರಗಳಿಗೆ ಚುಕ್ಕೆ ಬೇಡ, ಆಯಾ ಸ್ವರದ ದೀರ್ಘ ಅಕ್ಷರವನ್ನೇ ಪುಟ್ಟದಾಗಿ ಬರೆದರೆ ಸಾಕು ಎಂದು ಅವರು ಯೋಚಿಸಿದರು. ಪುಟ್ಟ ಅಲಿಫನ್ನು ಓರೆಯಾಗಿ ಮಲಗಿಸಿದಾಗ ಝಬರ್ ಆಯಿತು. ಪುಟ್ಟ ವಾವ್ ಪೇಶ್ ಆಯಿತು. ಯಾದ ಒಂದು ತುಣುಕು ಝೇರ್ ಆಯಿತು. ತಶ್‌ದೀದಿಗೆ ಶೀನಿನ ಹಲ್ಲುಗಳು, ಹಂಝಕ್ಕೆ ಐನ್‌ನ ತಲೆ. ಒಂದೇ ಮಸಿಯಲ್ಲಿ ಎಲ್ಲವನ್ನೂ ಬರೆಯಬಹುದಾಯಿತು. ಮುಸ್‌ಹಫ್ ಬರೆಯುವವರು ಇದನ್ನು ಕೂಡಲೇ ಒಪ್ಪಲಿಲ್ಲ. ಪೂರ್ವಜರ ಚುಕ್ಕೆಯನ್ನು ಬಿಡಲು ಅವರಿಗೆ ಅಳುಕಿತ್ತು. ಮೊದಲು ಕಾವ್ಯದ ಪ್ರತಿಗಳಲ್ಲಿ, ಆಮೇಲೆ ನಿಧಾನವಾಗಿ ಮುಸ್‌ಹಫ್‌ಗಳಲ್ಲಿ ಈ ಚಿಹ್ನೆಗಳು ನೆಲೆಯಾದವು. ಹಿಜರಿ 391ರಲ್ಲಿ ಬಗ್ದಾದಿನ ಇಬ್ನುಲ್ ಬವ್ವಾಬ್ ಬರೆದ, ಈಗ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿರುವ ಪ್ರಸಿದ್ಧ ಮುಸ್‌ಹಫಿನಲ್ಲಿ ನಮಗೆ ಪರಿಚಿತವಾದ ಇದೇ ಚಿಹ್ನೆಗಳಿವೆ.

ಪುಟದ ಮೇಲೆ ಸ್ವರ ಬಂತು. ಆದರೆ ವ್ಯಂಜನದ ಸದ್ದನ್ನು ಯಾವ ಚಿಹ್ನೆಯೂ ಹೇಳಿಕೊಡಲಾರದು. ಇಲ್ಲಿ ಖಲೀಲ್ ಹಿಡಿದ ದಾರಿ ಅವರ ಜೀವನದ ದೊಡ್ಡ ಸಾಧನೆ ಎಂದು ನನಗನ್ನಿಸುತ್ತದೆ.

ಅವರಿಗೆ ಅರಬಿ ಭಾಷೆಯ ಎಲ್ಲ ಪದಗಳನ್ನೂ ಒಳಗೊಳ್ಳುವ ಒಂದು ನಿಘಂಟನ್ನು ರಚಿಸಬೇಕಿತ್ತು. ಅಲಿಫ್, ಬಾ, ತಾ ಎಂಬ ಕ್ರಮ ಅವರಿಗೆ ಹಿಡಿಸಲಿಲ್ಲ. ಅದು ಅಕ್ಷರಗಳ ಆಕಾರವನ್ನು ನೋಡಿ ಜೋಡಿಸಿದ ಕ್ರಮ, ಸದ್ದಿನ ಕ್ರಮವಲ್ಲ. ಆದ್ದರಿಂದ ಅವರು ಬಾಯಿ ತೆರೆದು, ಅಲಿಫ್ ಹೇಳಿ, ಅದರ ಹಿಂದೆಯೇ ಒಂದೊಂದು ಅಕ್ಷರವನ್ನು ನಿಲ್ಲಿಸಿ ರುಚಿ ನೋಡುವಂತೆ ಪರೀಕ್ಷಿಸಿದರು. ನಮ್ಮ ಉಸ್ತಾದರು ಮಾಡಿಸುವ ಅದೇ ಅಬ್, ಅತ್. ಹಾಗೆ ನೋಡಿದಾಗ ಗಂಟಲಿನ ಅತ್ಯಂತ ಆಳದ, ಸ್ಪಷ್ಟವಾದ ಅಕ್ಷರವಾಗಿ ಅವರಿಗೆ ಸಿಕ್ಕಿದ್ದು ಐನ್. ಹಂಝ ಇನ್ನೂ ಆಳದ್ದಾದರೂ ಅದು ಮಾತಿನಲ್ಲಿ ರೂಪ ಬದಲಿಸುತ್ತದೆ, ಕೆಲವೊಮ್ಮೆ ಬಿದ್ದೇ ಹೋಗುತ್ತದೆ. ಆದ್ದರಿಂದ ಐನ್‌ನಿಂದ ಆರಂಭಿಸಿದರು. ಗ್ರಂಥಕ್ಕೂ ಕಿತಾಬುಲ್ ಐನ್ ಎಂದೇ ಹೆಸರಾಯಿತು. ಗಂಟಲಿನಿಂದ ಹೊರಟು ಕಿರುನಾಲಗೆ, ಅಂಗುಳ, ನಾಲಗೆಯ ತುದಿ, ಹಲ್ಲು, ಒಸಡು ದಾಟಿ ತುಟಿಯವರೆಗೆ ಅಕ್ಷರಗಳು ಗುಂಪು ಗುಂಪಾಗಿ ನಿಂತವು. ಹಲ್ಕಿಯಾ, ಲಹವಿಯಾ, ಶಜರಿಯಾ, ಅಸಲಿಯಾ, ನಿತ್‌ಇಯಾ, ಲಿಸವಿಯಾ, ಶಫವಿಯಾ ಎಂದು ಇಂದಿನ ತಜ್‌ವೀದ್ ಪುಸ್ತಕಗಳಲ್ಲಿ ನಾವು ಓದುವ ಹೆಸರುಗಳು ಈ ಗ್ರಂಥದ ಪೀಠಿಕೆಯಲ್ಲಿಯೇ ಇವೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಕ್ರಮ ಹೊಸದೆನಿಸಬಾರದು. ನಮ್ಮ ವರ್ಣಮಾಲೆಯೂ ಬಾಯಿಯ ಹಿಂದಿನಿಂದ ಮುಂದಕ್ಕೆ ನಡೆಯುತ್ತದೆ. ಕ ವರ್ಗ ಒಳಗೆ, ಚ ವರ್ಗ ಅಂಗುಳದಲ್ಲಿ, ತ ವರ್ಗ ಹಲ್ಲಿನ ಹತ್ತಿರ, ಪ ವರ್ಗ ತುಟಿಯಲ್ಲಿ. ಹಾಗಾದರೆ ಖಲೀಲ್ ಇದನ್ನು ಭಾರತದಿಂದ ಪಡೆದರೇ? ವಿದ್ವಾಂಸರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿದ್ದಾರೆ. ಸಾಬೀತು ಮಾಡುವ ಆಧಾರ ಸಿಕ್ಕಿಲ್ಲ. ಅವರ ಛಂದಸ್ಸಿನ ಬಗ್ಗೆ ಅಲ್ ಬಿರೂನಿ ಕೂಡ ತಮ್ಮ ಭಾರತದ ಕುರಿತ ಗ್ರಂಥದಲ್ಲಿ, ಭಾರತೀಯರು ಕಾವ್ಯವನ್ನು ಅಳತೆಯಿಂದ ಕಟ್ಟುತ್ತಾರೆಂಬ ಸುದ್ದಿ ಖಲೀಲರಿಗೆ ತಲುಪಿದ್ದಿರಬಹುದೆಂದು ಕೆಲವರು ನಂಬುತ್ತಾರೆ ಎಂದಷ್ಟೇ ದಾಖಲಿಸಿ ಮುಂದೆ ಹೋಗುತ್ತಾರೆ. ಯಾರು ಯಾರಿಂದ ಪಡೆದರೆಂಬ ವಾದಕ್ಕಿಂತ ನಮಗೆ ಉಪಯೋಗಕ್ಕೆ ಬರುವ ಮಾತು ಬೇರೆ ಇದೆ. ಕನ್ನಡ ಕಲಿತ ಮಗುವಿಗೆ ಅರ್ಧ ದಾರಿ ಆಗಲೇ ಗೊತ್ತಿದೆ. ಬಾ, ಮೀಮ್, ತಾ, ದಾಲ್, ಜೀಮ್, ಶೀನ್ ಹೇಳಿಕೊಡಲು ಉಸ್ತಾದರು ಹೆಣಗಬೇಕಿಲ್ಲ. ಹೊಸ ಕೆಲಸವೇನಿದ್ದರೂ ಮುಖ್ಯವಾಗಿ ಕ ವರ್ಗಕ್ಕಿಂತ ಒಳಗಿನ ಗಂಟಲಿನ ಅಕ್ಷರಗಳಲ್ಲಿ, ಬಾಯಿ ತುಂಬಿ ಹೇಳುವ ಸ್ವಾದ್, ತಾ ಮುಂತಾದವುಗಳಲ್ಲಿ ಮತ್ತು ಹಲ್ಲಿನ ನಡುವೆ ನಾಲಗೆ ತೋರುವ ಮೂರು ಅಕ್ಷರಗಳಲ್ಲಿ.

ಕುರ್‌ಆನ್ ಎಂಬ ಹೆಸರಿನಲ್ಲಿಯೇ ಈ ಕಷ್ಟವಿದೆ. ಕನ್ನಡದಲ್ಲಿ ನಾವು ಕ ಬರೆಯುತ್ತೇವೆ. ದಖ್ನಿ ಮನೆಗಳಲ್ಲಿ ಖ ಎಂದು ಕೇಳಿಸುತ್ತದೆ. ಸರಿಯಾದ ಸದ್ದು ಎರಡೂ ಅಲ್ಲ. ಅದು ನಾಲಗೆಯ ಬುಡ ಕಿರುನಾಲಗೆಯ ಬಳಿ ಮೇಲಕ್ಕೆ ತಾಗಿ ಬಿಡುವಾಗ ಹೊರಡುವ ದೊಡ್ಡ ಕಾಫ್. ದೊಡ್ಡ ಕಾಫ್‌ನಲ್ಲಿ ಕಲ್ಬ್ ಎಂದರೆ ಹೃದಯ, ಚಿಕ್ಕ ಕಾಫ್‌ನಲ್ಲಿ ಅದೇ ಪದ ನಾಯಿ. ಅಲ್‌ಹಮ್ದುವಿನ ದೊಡ್ಡ ಹಾವನ್ನು ಚಿಕ್ಕದು ಮಾಡಿದರೆ ಸ್ತುತಿಯ ಧಾತು ಹೋಗಿ ಆರಿಹೋಗುವುದು ಎಂಬರ್ಥದ ಧಾತು ಬರುತ್ತದೆ.

ಇನ್ನು ಆ ಪ್ರಸಿದ್ಧ ಅಕ್ಷರ. ಉಪವಾಸದ ತಿಂಗಳನ್ನು ಕನ್ನಡದಲ್ಲಿ ಕೆಲವರು ರಂಜಾನ್ ಎಂದು, ಕೆಲವರು ರಂಝಾನ್, ಕೆಲವರು ರಮದಾನ್, ಕರಾವಳಿಯ ಕೆಲವರು ರಮಳಾನ್ ಎಂದು ಬರೆಯುತ್ತಾರೆ. ನಾಲ್ಕು ಬರಹ, ನಾಲ್ಕೂ ಒಂದೇ ಅಕ್ಷರವನ್ನು ಹಿಡಿಯಲು ಮಾಡಿದ ಪ್ರಯತ್ನ. ಸೂರ ಅಲ್ ಫಾತಿಹದ ಕೊನೆಯ ಪದವನ್ನು ಇಮಾಮರು ಝ ಕಡೆಗೆ ಓದಿದರೇ ದ ಕಡೆಗೆ ಓದಿದರೇ ಎಂದು ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ವಾದಿಸುವವರನ್ನು ನಾವೆಲ್ಲ ನೋಡಿದ್ದೇವೆ. ಖಲೀಲ್ ಇದನ್ನು ಝಾಲ್ ಗುಂಪಿನಲ್ಲಿಯೂ ಇಡಲಿಲ್ಲ, ದಾಲ್ ಗುಂಪಿನಲ್ಲಿಯೂ ಇಡಲಿಲ್ಲ. ಜೀಮ್, ಶೀನ್‌ಗಳ ಜೊತೆಯಲ್ಲಿ ಅದಕ್ಕೆ ಜಾಗ ಕೊಟ್ಟರು. ಮುಂದಿನವರು ಅದನ್ನು ಇನ್ನೂ ವಿವರಿಸಿ, ನಾಲಗೆಯ ಅಂಚು ಮೇಲಿನ ದವಡೆ ಹಲ್ಲುಗಳಿಗೆ ತಾಗಿದಾಗ ಬರುವುದೆಂದು ಹೇಳಿದರು. ವಾದ ಮಾಡುವ ಮೊದಲು ಅಲ್ಲಿ ನಾಲಗೆ ಇಟ್ಟು ನೋಡಿದರೆ ಒಳ್ಳೆಯದು.

ಖಲೀಲರ ಗುರುಗಳಲ್ಲಿ ಏಳು ಪ್ರಸಿದ್ಧ ಕಿರಾಅತ್‌ಗಳ ಇಮಾಮರಲ್ಲೊಬ್ಬರಾದ ಅಬೂ ಅಮ್ರ್ ಬಿನ್ ಅಲಾ ಇದ್ದರು. ಆದರೆ ಕುಳಿತಲ್ಲೇ ಕಲಿತವರಲ್ಲ ಅವರು. ಹಿಜಾಝ್, ನಜ್ದ್, ತಿಹಾಮದ ಮರುಭೂಮಿಗಳಲ್ಲಿ ಅಲೆದು ಬದೂವಿಗಳ ಬಾಯಿಂದ ಭಾಷೆ ಸಂಗ್ರಹಿಸಿದರು. ನಿಘಂಟಿಗಾಗಿ ಅವರು ಹಾಕಿದ ಲೆಕ್ಕವೊಂದು ಗಣಿತದ ವಿದ್ಯಾರ್ಥಿಗಳಿಗೆ ಇಷ್ಟವಾಗಬಹುದು. 28 ಅಕ್ಷರಗಳಲ್ಲಿ ಯಾವುದೂ ಮರಳಿ ಬಾರದಂತೆ ಎರಡಕ್ಷರದ ಧಾತು ಎಷ್ಟು ಸಾಧ್ಯ? 28ನ್ನು 27ರಿಂದ ಗುಣಿಸಿದರೆ 756. ಅದನ್ನು 26ರಿಂದ ಗುಣಿಸಿದರೆ ಮೂರಕ್ಷರದವು 19,656. ಹೀಗೆ ನಾಲ್ಕಕ್ಷರದವು 4,91,400, ಐದಕ್ಷರದವು 1,17,93,600. ಒಟ್ಟು 1,23,05,412. ಇವುಗಳಲ್ಲಿ ಬಳಕೆಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ವಿಂಗಡಿಸುವುದೇ ಅವರ ಯೋಜನೆ. ಗ್ರಂಥವನ್ನು ಅವರು ಪೂರ್ತಿ ಮಾಡಲಿಲ್ಲ, ಖುರಾಸಾನಿನ ಶಿಷ್ಯ ಲೈಸ್ ಮುಂದುವರಿಸಿದರು ಎಂಬುದು ಬಹುಮಂದಿಯ ಅಭಿಪ್ರಾಯ.

ಅರಬಿ ಛಂದಸ್ಸನ್ನು ಶಾಸ್ತ್ರವಾಗಿ ಕಟ್ಟಿದವರೂ ಅವರೇ. ಪೇಟೆಯಲ್ಲಿ ಹೋಗುವಾಗ ಕಂಚುಗಾರರ ಸುತ್ತಿಗೆಯ ಪೆಟ್ಟು ಕೇಳಿ ಅದು ಹೊಳೆಯಿತೆಂದು ಕಥೆ. 15 ಲಯಗಳನ್ನು ಅವರು ಗುರುತಿಸಿದರು, 16ನೆಯದನ್ನು ಆಮೇಲೆ ಅಖ್‌ಫಶ್ ಸೇರಿಸಿದರು. ಒಬ್ಬ ಶಿಷ್ಯನಿಗೆ ಈ ವಿದ್ಯೆ ಎಷ್ಟು ದಿನವಾದರೂ ಹತ್ತಲಿಲ್ಲವಂತೆ. ಖಲೀಲ್ ಅವನನ್ನು ಹೊರಗೆ ಕಳುಹಿಸಲಿಲ್ಲ, ಎಲ್ಲರೆದುರು ಗೇಲಿಯನ್ನೂ ಮಾಡಲಿಲ್ಲ. ಮಾಡಲಾಗದ ಕೆಲಸವನ್ನು ಬಿಟ್ಟು ಆಗುವುದನ್ನು ಹಿಡಿ ಎಂಬರ್ಥದ ಹಳೆಯ ಸಾಲೊಂದನ್ನು ಕೊಟ್ಟು ಅದರ ಲಯ ಹಾಕಲು ಹೇಳಿದರು. ಶಿಷ್ಯ ಸ್ವಲ್ಪ ಹೊತ್ತು ಕುಳಿತು ಎದ್ದುಹೋದವನು ಮತ್ತೆ ಬರಲಿಲ್ಲ. ಇಷ್ಟು ಮಂದಬುದ್ಧಿಯವನಿಗೆ ಈ ಸೂಕ್ಷ್ಮ ಹೇಗೆ ತಿಳಿಯಿತೆಂದು ಖಲೀಲರೇ ಅಚ್ಚರಿಪಟ್ಟರಂತೆ. ಛಂದಸ್ಸು ಬಿಟ್ಟರೆ ನಡೆಯುತ್ತದೆ. ಕುರ್‌ಆನ್ ಓದುವುದನ್ನು ಹಾಗೆ ಬಿಡಲು ಬರುವುದಿಲ್ಲ. ತಡವರಿಸುತ್ತ, ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲವಿದೆಯೆಂದು ಪ್ರವಾದಿಯವರು (ಸ) ತಿಳಿಸಿರುವುದನ್ನು ಹಝ್ರತ್ ಆಯಿಶಾ (ರ) ವರದಿ ಮಾಡಿದ್ದಾರೆ. ಮಕ್ಕಳ ಮುಂದೆ ಕುಳಿತು ಕಲಿಯಲು ನಾಚುವ, ನಲವತ್ತು ದಾಟಿದ ನಮ್ಮ ಸದಸ್ಯರು ಈ ಮಾತನ್ನು ನೆನಪಿಡಬೇಕು.

ತಪ್ಪು ತಿದ್ದಿಸಿಕೊಂಡೇ ದೊಡ್ಡವರಾದ ಇಬ್ಬರು ಖಲೀಲರ ಬಳಿ ಕಲಿತರು. ಸೀಬವೈಹಿ ಶೀರಾಝ್ ಬಳಿಯ ಪರ್ಶಿಯನ್ ಮೂಲದವರು. ಹದೀಸ್ ಕಲಿಯಲು ಬಸ್ರಾಕ್ಕೆ ಬಂದಿದ್ದರು. ಪಾಠದಲ್ಲಿ ಒಂದು ಪದದ ವಿಭಕ್ತಿಯನ್ನು ತಪ್ಪಾಗಿ ಓದಿದಾಗ ಗುರು ಹಮ್ಮಾದ್ ಬಿನ್ ಸಲಮ ತಿದ್ದಿದರು. ಅಂದೇ ಸೀಬವೈಹಿ, ಯಾರೂ ತನ್ನನ್ನು ತಿದ್ದಲಾಗದಂತೆ ಭಾಷೆ ಕಲಿಯುವೆನೆಂದು ಹೊರಟು ಖಲೀಲರ ಮುಂದೆ ಬಂದು ಕುಳಿತರು. ಅವರು ಬರೆದ ಅಲ್ ಕಿತಾಬ್ ಅರಬಿ ವ್ಯಾಕರಣದ ಮೂಲಗ್ರಂಥವಾಯಿತು. ಅದರಲ್ಲಿ ನೂರಾರು ಕಡೆ ಖಲೀಲರ ಅಭಿಪ್ರಾಯವಿದೆ. ಇನ್ನೊಬ್ಬರು ಕಿಸಾಈ. ದಣಿದಿದ್ದೇನೆ ಎನ್ನುವ ಒಂದು ಪದವನ್ನು ತಪ್ಪಾಗಿ ಹೇಳಿ ಜನರಿಂದ ತಿದ್ದಿಸಿಕೊಂಡ ಮೇಲೆ, ವಯಸ್ಸಾದ ನಂತರ ವ್ಯಾಕರಣಕ್ಕೆ ಕುಳಿತವರು. ಮುಂದೆ ಅವರೇ ಏಳು ಕಿರಾಅತ್‌ಗಳ ಇಮಾಮರಲ್ಲಿ ಒಬ್ಬರಾದರು. ಮಗು ಎಷ್ಟನೇ ಪಾರಾಕ್ಕೆ ಬಂತು ಎಂದು ಉಸ್ತಾದರನ್ನು ಕೇಳುವ ತಂದೆತಾಯಿಯರು ನಮ್ಮಲ್ಲಿ ಬಹಳ. ಐನ್ ಸರಿಯಾಯಿತೇ ಎಂದು ಕೇಳುವವರು ಕಡಿಮೆ. ಖತ್ಮ್ ಮುಗಿಸಿ ಸಿಹಿ ಹಂಚಿದ ಮೇಲೆ ಮತ್ತೆ ಕಾಯಿದಾದ ಮೊದಲ ಪುಟಕ್ಕೆ ಬರುವುದು ಅವಮಾನವೆಂದು ತಿಳಿದವರು ಈ ಇಬ್ಬರ ಕಥೆ ಓದಬೇಕು.

ಮಖ್‌ರಜ್‌ಗಳ ಎಣಿಕೆಯಲ್ಲಿ ಗುರುಶಿಷ್ಯರು ಪೂರ್ತಿ ಒಂದಾಗಲಿಲ್ಲ. ಸೀಬವೈಹಿ 16 ಎಂದರು. ಬಾಯಿಯ ಟೊಳ್ಳಿನಿಂದ ಬರುವ ದೀರ್ಘಸ್ವರಗಳಿಗೆ ಬೇರೆ ಸ್ಥಾನ ಕೊಟ್ಟು 17 ಎನ್ನುವ ಮತ ಖಲೀಲರ ಹೆಸರಿನಲ್ಲಿ ಬಂದಿದೆ. ಆರು ಶತಮಾನಗಳ ನಂತರ ಡಮಾಸ್ಕಸ್‌ನ ಇಬ್ನುಲ್ ಜಝರಿ (1350-1429) ತಮ್ಮ ಪುಟ್ಟ ಪದ್ಯಗ್ರಂಥ ಮುಕದ್ದಿಮದಲ್ಲಿ ಈ 17ನ್ನೇ ಆರಿಸಿಕೊಂಡರು. ಇಂದು ಹಿಫ್ಝ್ ತರಗತಿಗಳಲ್ಲಿ ಬಾಯಿಪಾಠ ಮಾಡಿಸುವ ಸಂಖ್ಯೆ ಅದೇ. ಹಲ್ಕಿ ಅಕ್ಷರಗಳು ಮಾತ್ರ ನಮ್ಮ ಕಾಯಿದಾದಲ್ಲಿ ಆರು. ಖಲೀಲ್ ಐದನ್ನು ಎಣಿಸಿ ಹಂಝವನ್ನು ಬೇರೆಯಾಗಿ ಇಟ್ಟಿದ್ದರು.

ಇಷ್ಟೆಲ್ಲ ಕೊಟ್ಟವರು ವಾಸಿಸಿದ್ದು ಬಸ್ರಾದ ಒಂದು ಜೊಂಡಿನ ಗುಡಿಸಲಿನಲ್ಲಿ. ಅವರ ವಿದ್ಯೆಯಿಂದ ಶಿಷ್ಯರು ಹಣ ಸಂಪಾದಿಸುತ್ತಿದ್ದಾಗ ಅವರ ಕೈಯಲ್ಲಿ ಎರಡು ಕಾಸೂ ಇರುತ್ತಿರಲಿಲ್ಲವೆಂದು ಶಿಷ್ಯ ನಝ್ರ್ ಬಿನ್ ಶುಮೈಲ್ ನೆನೆದಿದ್ದಾರೆ. ಅಹ್ವಾಝ್‌ನ ಆಡಳಿತಗಾರ ಸುಲೈಮಾನ್ ತನ್ನ ಮಗನಿಗೆ ಪಾಠ ಹೇಳಲು ಕರೆಕಳುಹಿಸಿದನು. ಖಲೀಲ್ ಒಂದು ಒಣರೊಟ್ಟಿ ತಂದು ದೂತನ ಮುಂದಿಟ್ಟು, ಇದು ಸಿಗುವವರೆಗೆ ಸುಲೈಮಾನನ ಅಗತ್ಯ ತನಗಿಲ್ಲವೆಂದು ತಿಳಿಸಿದರು. ಸಿಟ್ಟಾದ ಸುಲೈಮಾನ್ ಮೊದಲಿಂದ ಕೊಡುತ್ತಿದ್ದ ಭತ್ಯೆಯನ್ನೂ ನಿಲ್ಲಿಸಿದ. ಆಮೇಲೆ ನಾಚಿಕೆಪಟ್ಟು ಕ್ಷಮೆ ಕೇಳಿ ದುಪ್ಪಟ್ಟು ಮಾಡಿದ.

ಅವರ ಮರಣದ ವರ್ಷ 786 ಎಂದು ಕೆಲವರು, 791 ಎಂದು ಕೆಲವರು. ಆಗ ಅವರು ಲೆಕ್ಕದ ಒಂದು ಸುಲಭ ವಿಧಾನವನ್ನು ಯೋಚಿಸುತ್ತಿದ್ದರಂತೆ. ಮನೆಗೆಲಸದ ಹುಡುಗಿ ಅಂಗಡಿಗೆ ಹೋದಾಗ ವ್ಯಾಪಾರಿ ಅವಳಿಗೆ ಮೋಸ ಮಾಡಲಾಗದಂತಹ ವಿಧಾನ. ಅದನ್ನೇ ಮನಸ್ಸಿನಲ್ಲಿ ಕೂಡಿ ಕಳೆಯುತ್ತ ಮಸೀದಿಯೊಳಗೆ ಹೋದವರು ಎದುರಿನ ಕಂಬವನ್ನು ಗಮನಿಸಲಿಲ್ಲ. ತಲೆಗೆ ಪೆಟ್ಟು ಬಿದ್ದು ಅದರಿಂದಲೇ ಬಸ್ರಾದಲ್ಲಿ ತೀರಿಕೊಂಡರು. ಆ ಲೆಕ್ಕ ಯಾರ ಕೈಗೂ ಸಿಗಲಿಲ್ಲ.